ಎಂಬತ್ತನೇ ಮಹಡಿಯಿಂದ ಕಂಡ ಮಂಡಿ

ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನ ಹೆಡ್ ನರ್ಸನ್ನು ಬೀದಿಗೆ ಬೀದಿಯೇ ‘ಸಿಸ್ಟರ್’ ಎಂದು ಕರೆಯುತ್ತಿತ್ತು. ಅದರಲ್ಲಿ ವಿಶೇಷವೇನಿಲ್ಲ. ಗಂಡನೂ ಹಾಗೆಯೇ ಕರೆಯುತ್ತಿದ್ದರು, ವಿಶೇಷ ಅದು.

ಗಂಡ ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಪ್ರಾಯದಲ್ಲಿ ಮಕ್ಕಳಿಗೆ ಹಗ್ಗ ಹತ್ತುವುದು ಹೇಗೆಂದು ತೋರಿಸಲು ಹೋಗಿ, ಇಳಿಯುವುದು ಹೇಗೆಂದು ಹೇಳುವ ಮೊದಲೇ ಇಳಿದು, ಮುಂಗೈ ಮುರಿದುಕೊಂಡು ಆಸ್ಪತ್ರೆಗೆ ಬಂದಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಈಕೆ ಪಟ್ಟಿ ಕಟ್ಟುವಾಗ “ಮೆಲ್ಲಗೆ ಸಿಸ್ಟರ್, ಅಯ್ಯೋ ಸಿಸ್ಟರ್” ಎಂದು ಹಲುಬಿದ್ದೇ ಹಲುಬಿದ್ದು. ಕೈ ಕೂಡಿತು, ಮದುವೆಯೂ ಕೂಡಿಬಂತು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿ ಬೆಳೆದು ತಮ್ಮ ತಮ್ಮ ಮನೆ ಸೇರಿದರು. ಆ ಪದ ಮಾತ್ರ ಮೇಷ್ಟ್ರ ನಾಲಿಗೆಯಿಂದ ಇಳಿಯಲಿಲ್ಲ. “ಸಿಸ್ಟರ್, ಕಾಫಿ ಆಯ್ತಾ?” ಎಂದು ಅವರು ಒಳಗೆ ಕೂಗಿದರೆ, ಮೊದಲ ಸಲ ಮನೆಗೆ ಬಂದವರು ಗೋಡೆಯ ಮೇಲಿನ ಮದುವೆ ಫೋಟೋವನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದರು.

ಸಿಸ್ಟರ ಹೆಸರು ಆಸ್ಪತ್ರೆಯಲ್ಲಿ ದೊಡ್ಡದಾಗಿದ್ದು ಒಂದು ವಿದ್ಯೆಗೆ: ಕಳ್ಳನೋವು ಹಿಡಿಯುವುದು. ರೋಗಿ ವಾರ್ಡಿನ ಬಾಗಿಲು ದಾಟುವ ರೀತಿಯಲ್ಲೇ ಇವನಿಗೆ ನಿಜವಾಗಿ ನೋಯುತ್ತಿದೆಯೋ, ರಜೆ ಬೇಕಾಗಿದೆಯೋ ಎಂದು ಹೇಳಿಬಿಡುತ್ತಿದ್ದರು. ಸೊಂಟ ಹಿಡಿದುಕೊಂಡು ಬಂದ ಕಾನ್‌ಸ್ಟೇಬಲ್ ಒಬ್ಬನನ್ನು “ಅಯ್ಯೋ, ನಿಮ್ಮ ಪರ್ಸ್ ಬಿತ್ತು ನೋಡಿ” ಎಂಬ ಒಂದೇ ಮಾತಿನಿಂದ ಬಗ್ಗಿಸಿ, ವಾಸಿಮಾಡಿ, ಡ್ಯೂಟಿಗೆ ಕಳಿಸಿದ್ದರು.

ಇಂಥವರ ಮನೆಯಲ್ಲೇ ನಾಲ್ಕು ತಿಂಗಳಿಂದ ಒಂದು ಮಂಡಿ ನೋಯುತ್ತಿತ್ತು.

ಮೇಷ್ಟ್ರು ನಿವೃತ್ತರಾದ ಮೇಲೆ ಸಿಸ್ಟರ್ ಮನೆಯನ್ನೂ ವಾರ್ಡಿನ ಹಾಗೆಯೇ ನಡೆಸತೊಡಗಿದ್ದರು. ಬೆಳಗಾಗುತ್ತಲೇ ವಾಕಿಂಗ್, ಆಮೇಲೆ ತರಕಾರಿ, ಆಮೇಲೆ ಬಟ್ಟೆ ಒಣಹಾಕುವುದು, ಭಾನುವಾರ ಸಿಸ್ಟರ ಅಕ್ಕನ ಮನೆಗೆ ಹೋಗಿ ಭಾವನವರ ಸಕ್ಕರೆ ಕಾಯಿಲೆಯ ಕತೆಯನ್ನು ಮೊದಲಿಂದ ಕೇಳಿಬರುವುದು. ಜೀವಮಾನವೆಲ್ಲ ಸೀಟಿ ಊದಿ ಊರ ಮಕ್ಕಳನ್ನು ಕುಣಿಸಿದ ಮೇಷ್ಟ್ರು, ಸೀಟಿ ಕೈಬದಲಾಯಿಸಿತು ಅಷ್ಟೇ ಎಂದುಕೊಂಡು ಒಂದು ವರ್ಷ ಕುಣಿದರು. ಒಂದು ದಿನ ಮೆಟ್ಟಿಲ ಮೇಲೆ “ಅಮ್ಮಾ!” ಎಂದು ಕೂತರು. ಬಲ ಮಂಡಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. “ನರ ಇರಬೇಕು” ಎಂದರು ಸಿಸ್ಟರ್. ಇಡೀ ಊರನ್ನು ನಂಬದ ಹೆಂಗಸು ಗಂಡನನ್ನು ನಂಬಿಬಿಟ್ಟರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅಲ್ಲಿಂದ ಮೇಷ್ಟ್ರ ಲೋಕ ಮಂಚದ ಮೇಲಕ್ಕೆ ಬಂತು. ಪೇಪರು, ಕಾಫಿ, ಔಷಧದ ಎಣ್ಣೆ ಎಲ್ಲವೂ ಅಲ್ಲಿಗೇ. ಸಂಜೆ ಡ್ಯೂಟಿ ಮುಗಿಸಿ ಬಂದ ಸಿಸ್ಟರ್ ಚಪ್ಪಲಿ ಬಿಟ್ಟವರೇ ನೀರು ಕಾಯಿಸಿ, ರಬ್ಬರ್ ಚೀಲಕ್ಕೆ ತುಂಬಿ, ಪಕ್ಕದಲ್ಲಿ ಕೂತು ಮಂಡಿಗೆ ಶಾಖ ಕೊಡುತ್ತಿದ್ದರು.

ಅವರ ಮನೆಯಿದ್ದ ಕಟ್ಟಡದ ಕೆಳಗೆ ಒಂದು ಬೇಕರಿ. ಅದರ ಮೇಲಿನ ಮನೆಯಲ್ಲಿ ಬೇಕರಿಯವನು ಮತ್ತು ಅವನ ಹೆಂಡತಿ. ದುಂಡಗೆ, ಮೆತ್ತಗೆ, ಯಾವಾಗ ನೋಡಿದರೂ ಈಗಷ್ಟೇ ಒಲೆಯಿಂದ ತೆಗೆದ ಹಾಗೆ ಬೆಚ್ಚಗೆ ಇರುತ್ತಿದ್ದ ಆಕೆಯನ್ನು ಬೀದಿಯವರು ಬನ್ನಮ್ಮ ಎನ್ನುತ್ತಿದ್ದರು. ಬೇಕರಿಯವನಿಗೂ ಮೂರು ತಿಂಗಳಿಂದ ಬೆನ್ನು ಹಿಡಿದುಕೊಂಡಿತ್ತು. ಅವನ ಬೆನ್ನನ್ನು ಸಿಸ್ಟರ್ ಪರೀಕ್ಷೆ ಮಾಡಿರಲಿಲ್ಲ. ತಮ್ಮ ಮನೆಯ ಮಂಡಿಯೇ ಸಾಕಾಗಿತ್ತು.

ಬನ್ನಮ್ಮನ ಬೇಕರಿಯಿಂದ ಊರಿನ ಅತಿ ಎತ್ತರದ ಕಟ್ಟಡದ ಕಾಫಿ ಅಂಗಡಿಗೆ ಬನ್ನು ಹೋಗುತ್ತಿತ್ತು. ಆ ಗುರುತಿನ ಮೇಲೆ ಎಂಬತ್ತನೇ ಮಹಡಿಯ ವೀಕ್ಷಣಾ ಕಟ್ಟೆಗೆ ನಾಲ್ಕು ಪುಕ್ಕಟೆ ಪಾಸು ಸಿಕ್ಕವು. ಭಾನುವಾರ ನಾಲ್ವರೂ ಹೋಗುವುದೆಂದು ಮಾತಾಯಿತು. ಭಾನುವಾರ ಬೆಳಿಗ್ಗೆ ಮೇಷ್ಟ್ರ ಮಂಡಿ ಊದದೇ ನೋಯಿತು, ಬೇಕರಿಯವನ ಬೆನ್ನು ಬಾಗದೇ ಹಿಡಿಯಿತು.

“ನೀವಿಬ್ಬರೂ ಹೋಗಿಬನ್ನಿ ಸಿಸ್ಟರ್,” ಎಂದರು ಮೇಷ್ಟ್ರು, ಕೊನೆಯ ಮಾತು ಹೇಳುವವರ ಹಾಗೆ ಕಣ್ಣು ಅರೆಮುಚ್ಚಿ. “ನನ್ನ ಪಾಲಿನ ಆಕಾಶ ನಾನು ಕಿಟಕಿಯಿಂದ ನೋಡ್ಕೋತೀನಿ.”

ಸಿಸ್ಟರ್ ಹಾಲು ಬಿಸಿಮಾಡಿ ಫ್ಲಾಸ್ಕಿಗೆ ಹಾಕಿ, ಬಾತ್‌ರೂಮಿನ ತನಕ ಹಿಡಿದುಕೊಂಡು ಹೋಗಲು ಎರಡು ಕುರ್ಚಿ ಸಾಲಾಗಿಟ್ಟು, ಹತ್ತು ಸಲ ಜೋಪಾನ ಹೇಳಿ ಹೊರಟರು.

ಆ ಕಟ್ಟಡ ಒಂದು ವಿಮಾ ಕಂಪನಿಯದು. ಜನ ಬೇಗ ಮೇಲಕ್ಕೆ ಹೋಗದಿದ್ದರೆ ಲಾಭ ಮಾಡುವ ಕಂಪನಿ ಈಗ ಮೇಲಕ್ಕೆ ಕಳಿಸುವುದಕ್ಕೇ ಟಿಕೆಟ್ ಇಟ್ಟಿತ್ತು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು ಬನ್ನಮ್ಮನ ಚೀಲದಿಂದ ಒಂದು ಪೊಟ್ಟಣ ಹೊರಗೆಳೆದ.

“ಹೊರಗಿನ ತಿಂಡಿ ಬಿಡಲ್ಲಮ್ಮ.”

“ಹೊರಗಿನದಲ್ಲಪ್ಪ, ಮೇಲೆ ನಿಮ್ಮ ಅಂಗಡೀಲಿ ಮಾರ್ತಾರಲ್ಲ, ಅದೇ ಬನ್ನು. ಒಂದೇ ಒಲೆ.”

“ಮೇಲೆ ತಗೊಂಡ್ರೆ ಒಳಗಿನದು. ಕೆಳಗಿಂದ ತಂದ್ರೆ ಹೊರಗಿನದು.”

ಬನ್ನಮ್ಮ ಮರುಮಾತಾಡದೆ ಪೊಟ್ಟಣವನ್ನು ಅವನ ಕೈಗೇ ಕೊಟ್ಟು, “ಹಾಗಾದ್ರೆ ನಿನ್ನ ಒಳಗೇ ಹೋಗ್ಲಿ” ಎಂದು ಮುಂದೆ ನಡೆದಳು.

ಲಿಫ್ಟಿನಲ್ಲಿ ಕೆಂಪು ಕೋಟಿನ ಹುಡುಗಿಯೊಬ್ಬಳು ಉಸಿರು ತೆಗೆದುಕೊಳ್ಳದೆ ಪಾಠ ಒಪ್ಪಿಸಿದಳು: ಎಷ್ಟು ಟನ್ ಉಕ್ಕು, ಎಷ್ಟು ಸಾವಿರ ಕಿಟಕಿ, ಗಾಳಿ ಬೀಸಿದರೆ ಕಟ್ಟಡ ಎಷ್ಟು ತೂಗುತ್ತದೆ. ತೂಗುತ್ತದೆ ಎಂದ ಕೂಡಲೇ ಎಲ್ಲರೂ ಪಕ್ಕದವರ ತೋಳು ಹಿಡಿದುಕೊಂಡರು. ಕಿವಿ ಗುಂಯ್ ಎಂದು ಮುಚ್ಚಿಕೊಂಡಿತು. ಸಿಸ್ಟರ್ ಎಲ್ಲರಿಗೂ ಕೇಳುವಂತೆ “ಉಗುಳು ನುಂಗಿ” ಎಂದು ಅಪ್ಪಣೆ ಮಾಡಿದರು. ಲಿಫ್ಟಿಗೆ ಲಿಫ್ಟೇ ಉಗುಳು ನುಂಗಿತು.

ಮೇಲೆ ಸುತ್ತ ಗಾಜು. ಗಾಜಿನ ಆಚೆ ಇಡೀ ನಗರ. ಆದರೆ ಬಂದವರಲ್ಲಿ ಮುಕ್ಕಾಲು ಪಾಲು ಜನ ನಗರಕ್ಕೆ ಬೆನ್ನುಹಾಕಿ ನಿಂತು ತಮ್ಮದೇ ಮೂತಿಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಮುಖ ನೋಡಿಕೊಳ್ಳಲು ಎಂಬತ್ತು ಮಹಡಿ ಹತ್ತಬೇಕೆ, ಬಚ್ಚಲಿನ ಕನ್ನಡಿ ಇಲ್ಲವೆ ಎಂದುಕೊಂಡರು ಸಿಸ್ಟರ್. ಒಂದು ಮೂಲೆಯಲ್ಲಿ ಕಬ್ಬಿಣದ ಕಂಬದ ಮೇಲೆ ದಪ್ಪ ದುರ್ಬೀನು ನಿಂತಿತ್ತು. ನಾಣ್ಯ ಹಾಕಿದರೆ ಅದರ ಕಣ್ಣು ತೆರೆಯುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಟೋಪಿ ಹಾಕಿದ ಕಾವಲಿನವನು ಸ್ಟೂಲಿನ ಮೇಲೆ ಕೂತಿದ್ದ.

“ನಮ್ಮ ಮನೆ ನೋಡೋಣ ಬನ್ನಿ ಸಿಸ್ಟರಕ್ಕ,” ಎಂದಳು ಬನ್ನಮ್ಮ.

ಸಿಸ್ಟರ್ ನಾಣ್ಯ ಹಾಕಿ ಕಣ್ಣಿಟ್ಟರು. ಮೊದಲು ಬರೀ ಆಕಾಶ. ತಗ್ಗಿಸಿದರೆ ಯಾರದೋ ಚಿಮಣಿ. ಮೆಲ್ಲಗೆ ಹೊರಳಿಸುತ್ತಾ ಹೋದಾಗ ದೊಡ್ಡಾಸ್ಪತ್ರೆಯ ಕೆಂಪು ನೀರಿನ ತೊಟ್ಟಿ ಸಿಕ್ಕಿತು. ಅಲ್ಲಿಂದ ಬಸ್ಸು ಹೋಗುವ ದಾರಿ ಹಿಡಿದು ಹೊರಟರೆ ಬೇಕರಿಯ ಹೊಗೆಗೊಳವೆ. ಅದರ ಪಕ್ಕದಲ್ಲೇ, ಆಸ್ಪತ್ರೆಯ ಹರಾಜಿನಲ್ಲಿ ಕೊಂಡಿದ್ದ ಹಸಿರು ಬೆಡ್‌ಶೀಟುಗಳು ಹಾರಾಡುತ್ತಿದ್ದ ತಮ್ಮದೇ ತಾರಸಿ.

“ಸಿಕ್ತು! ನಮ್ಮ ಬೆಡ್‌ಶೀಟೇ ಕಣೇ! ಎಷ್ಟು ಚೆನ್ನಾಗಿ ಕಾಣ್ತ...”

ಮಾತು ಅಲ್ಲೇ ನಿಂತಿತು. ಬೆಡ್‌ಶೀಟಿನ ಹಿಂದಿನಿಂದ ಒಬ್ಬ ಮನುಷ್ಯ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತಾ ಬಂದ.

ಸಿಸ್ಟರ್ ಕಣ್ಣು ತೆಗೆದು, ಕನ್ನಡಕ ಒರೆಸಿ, ಮತ್ತೆ ಇಟ್ಟರು. ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಮನೆಯಾಗಿ ಗೆರೆ ಎಳೆದಿತ್ತು. ಕುಂಟೆಬಿಲ್ಲೆ! ಚಡ್ಡಿ ಬನಿಯನ್ನಿನಲ್ಲಿದ್ದ ಮೇಷ್ಟ್ರು ಬಿಲ್ಲೆ ಎಸೆದು, ಎಡಗಾಲು ಮಡಿಚಿ, ಬಲಗಾಲಿನ ಮೇಲೆ, ಆ ಬಲಗಾಲಿನ ಮೇಲೆಯೇ, ಮನೆಯಿಂದ ಮನೆಗೆ ಹಾರುತ್ತಿದ್ದರು. ಬೇಕರಿಯವನು ಬಗ್ಗಿ, ಬೆನ್ನನ್ನು ಪೂರ್ತಿ ಬಿಲ್ಲಿನ ಹಾಗೆ ಬಗ್ಗಿಸಿ, ಅವರು ಗೆರೆ ತುಳಿಯುತ್ತಾರೋ ಎಂದು ನೆಲಕ್ಕೆ ಮೂಗು ತಾಗಿಸಿ ನೋಡುತ್ತಿದ್ದ.

ಜನ ಮಾತಿಗೆ ಕುಂಟು ನೆಪ ಎನ್ನುತ್ತಾರೆ. ಇಲ್ಲಿ ನೆಪವೇ ಎದ್ದು ಕುಂಟುತ್ತಿತ್ತು.

ಸಿಸ್ಟರಿಗೆ ಪಿತ್ತ ನೆತ್ತಿಗೇರಿತು. ಬ್ಯಾಗಿನಿಂದ ಫೋನು ತೆಗೆದು, ಒಂದು ಕಣ್ಣು ದುರ್ಬೀನಿಗೆ ಅಂಟಿಸಿಕೊಂಡೇ ಬಟನ್ ಒತ್ತಿದರು. ಅಷ್ಟು ದೂರದಲ್ಲಿ ಮೇಷ್ಟ್ರು ಕುಪ್ಪಳಿಸುವುದನ್ನು ನಡುವೆಯೇ ನಿಲ್ಲಿಸಿ, ಬೇಕರಿಯವನಿಗೆ ‘ಶ್’ ಎಂದು ಕೈಮಾಡಿ, ಒಂಟಿ ಕಾಲಿನಲ್ಲೇ ನಿಂತು ಚಡ್ಡಿಯ ಜೇಬಿನಿಂದ ಫೋನು ತೆಗೆದರು.

“ಹಲೋ... ಸಿಸ್ಟರ್...” ಬಾವಿಯೊಳಗಿನಿಂದ ಬಂದ ಹಾಗಿತ್ತು ದನಿ.

“ಎಲ್ಲಿದ್ದೀರಿ?”

“ಎಲ್ಲಿರ್ತೀನಿ? ಮಂಚ. ಮಂಚ ಬಿಟ್ರೆ ನನಗೆ ಇನ್ನೆಲ್ಲಿದೆ ಲೋಕ.”

“ಏನೋ ಗಾಳಿ ಶಬ್ದ ಬರ್ತಿದೆ?”

“ಫ್ಯಾನು. ಜೋರಾಗಿಟ್ಕೊಂಡಿದೀನಿ. ನೋವಿಗೆ ಬೆವರು ಬರುತ್ತಲ್ಲ.”

“ಮಂಡಿ ಹೇಗಿದೆ?”

ಮೇಷ್ಟ್ರು ಬಲ ಮಂಡಿಯನ್ನೊಮ್ಮೆ ನೋಡಿದರು. ಅದರ ಮೇಲೆಯೇ ಕೊಕ್ಕರೆಯ ಹಾಗೆ ನಿಂತಿದ್ದರು. ಚೆನ್ನಾಗಿದೆಯೆಂದು ಖಾತ್ರಿಯಾದ ಮೇಲೆ ಫೋನಿಗೆ ನಿಟ್ಟುಸಿರು ಬಿಟ್ಟರು. “ಈಗ ತಾನೇ ಮಗ್ಗುಲು ಬದಲಾಯಿಸಿದೆ ನೋಡು. ಜೀವ ಹೋಗಿ ಬಂದ ಹಾಗಾಯ್ತು.”

ಹಿಂದೆ ಬೇಕರಿಯವನು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಮುದುಡಿಕೊಳ್ಳುತ್ತಿದ್ದ. ನಗು ತಡೆಯುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಅವನಿಗೆ ಕಾಣಲಿಲ್ಲ.

ಅಷ್ಟರಲ್ಲಿ ದುರ್ಬೀನಿನ ಹಿಂದೆ ಸಾಲು ಬೆಳೆದಿತ್ತು. ಏನಮ್ಮಾ, ಎಷ್ಟು ಹೊತ್ತು ಎಂದು ಗೊಣಗಿದವನಿಗೆ ಬನ್ನಮ್ಮ ಎರಡೇ ಮಾತಿನಲ್ಲಿ ಸಮಾಚಾರ ತಿಳಿಸಿದಳು. ಅವನು ತನ್ನ ಹಿಂದಿನವಳಿಗೆ ತಿಳಿಸಿದ. ಗುಸುಗುಸು ಗಾಜಿನ ಸುತ್ತ ಒಂದು ಸುತ್ತು ಹೊಡೆಯಿತು. ಹಕ್ಕಿಗಳ ಫೋಟೋ ತೆಗೆಯಲು ಬಂದಿದ್ದ ಉದ್ದ ಮೂತಿಯ ಕ್ಯಾಮೆರಾದವನು ಹಸಿರು ಬೆಡ್‌ಶೀಟು ಯಾವ ದಿಕ್ಕು ಎಂದು ಕೇಳಿಕೊಂಡು ಗುರಿಯಿಟ್ಟ. ಅವನ ಕ್ಯಾಮೆರಾದ ಪುಟ್ಟ ಪರದೆಗೆ ಜನ ಜೇನಿನ ಹಾಗೆ ಮುತ್ತಿದರು. ಹೊಳೆ, ಸೇತುವೆ, ಬಂದರು ಎಲ್ಲ ಅನಾಥವಾದವು. ಗುಂಪಿನಲ್ಲಿದ್ದ ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿದ್ದ ಒಬ್ಬ ಮನುಷ್ಯ ಸದ್ದಿಲ್ಲದೆ ಲಿಫ್ಟಿನ ಕಡೆಗೆ ಸರಿದ.

“ಒಂದು ಕೆಲಸ ಮಾಡಿ,” ಎಂದರು ಸಿಸ್ಟರ್ ಫೋನಿನಲ್ಲಿ. ಅವರ ದನಿ ಜೇನಿನಷ್ಟು ಸಿಹಿಯಾಗಿತ್ತು. ವಾರ್ಡಿನಲ್ಲಿ ದೊಡ್ಡ ಸೂಜಿ ಚುಚ್ಚುವ ಮೊದಲು ಮಾತ್ರ ಆ ದನಿ ಬರುತ್ತಿತ್ತು. “ಮಲಗಿದ್ದಲ್ಲೇ ಎಡಗೈ ಮೇಲಕ್ಕೆತ್ತಿ. ರಕ್ತ ಓಡಾಡ್ಲಿ.”

ತಾರಸಿಯ ಮೇಲೆ ಮೇಷ್ಟ್ರು ಎಡಗೈ ಎತ್ತಿದರು.

“ಎತ್ತಿದ್ರಾ?”

“ಎತ್ತಿದೆ.”

“ಇನ್ನೂ ಸ್ವಲ್ಪ. ನೆಟ್ಟಗೆ.”

ಕೈ ಇನ್ನಷ್ಟು ಮೇಲೆ ಹೋಯಿತು, ಬೆರಳು ಸಮೇತ ನೆಟ್ಟಗಾಯಿತು. ಯಾರೂ ನೋಡುತ್ತಿಲ್ಲವೆಂದು ನಂಬಿದ್ದ ಮನುಷ್ಯ, ಮಂಚದಿಂದ ಹಿಡಿದು ಫ್ಯಾನಿನ ತನಕ ಎಲ್ಲದರಲ್ಲೂ ಸುಳ್ಳು ಹೇಳಿದ ಮನುಷ್ಯ, ಕೈ ಎತ್ತುವ ವಿಷಯದಲ್ಲಿ ಮಾತ್ರ ಸುಳ್ಳು ಹೇಳಲಿಲ್ಲ. ಒಂದು ಕಾಲು ಮಡಿಚಿ, ಒಂದು ಕೈ ಆಕಾಶಕ್ಕೆತ್ತಿ, ಇನ್ನೊಂದರಲ್ಲಿ ಫೋನು ಹಿಡಿದು ಹೆಂಡತಿಯ ಮುಂದಿನ ಅಪ್ಪಣೆಗೆ ಕಾಯುತ್ತಾ ನಿಂತರು. ಕ್ಯಾಮೆರಾದ ಸುತ್ತಲಿನ ಗುಂಪು ಗೊಳ್ಳೆಂದು ನಕ್ಕಿತು. ಸಿಸ್ಟರಿಗೆ ಯಾಕೋ ನಗಲಿಕ್ಕೂ ಆಗಲಿಲ್ಲ, ಬೈಯಲಿಕ್ಕೂ ಆಗಲಿಲ್ಲ.

“ಸಾಕು, ಇಳಿಸಿ,” ಎಂದು ಫೋನಿಟ್ಟರು. ದುರ್ಬೀನು ಟಪ್ ಎಂದು ಕಣ್ಣು ಮುಚ್ಚಿತು.

“ಇನ್ನೊಂದು ನಾಣ್ಯ ನಾನು ಹಾಕ್ತೀನಿ ತಾಯಿ,” ಎಂದ ಕಾವಲಿನವನು. ಅಲ್ಲಿ ಕೂತು ಅಷ್ಟು ದಿನ ಯಾವತ್ತೂ ಅದರಲ್ಲಿ ಇಣುಕಬೇಕೆಂದು ಅವನಿಗೆ ಅನ್ನಿಸಿರಲಿಲ್ಲ.

ಆ ನಾಣ್ಯಕ್ಕೆ ಬನ್ನಮ್ಮ ಕಣ್ಣಿಟ್ಟಳು. ಅವಳು ಕಿರುಚುತ್ತಾಳೆ, ಅಳುತ್ತಾಳೆ, ಹಿಡಿದುಕೊಳ್ಳಬೇಕಾಗುತ್ತದೆ ಎಂದು ಸಿಸ್ಟರ್ ಸಿದ್ಧರಾಗಿ ನಿಂತರು. ಬನ್ನಮ್ಮ ನಿಧಾನವಾಗಿ ನೋಡಿ ನಾಲಿಗೆ ಲೊಚಗುಟ್ಟಿದಳು.

“ಅಯ್ಯೋ, ಇವತ್ತು ನಮ್ಮವರು ಬರೀ ಐದನೇ ಮನೇಲೇ ಇದಾರೆ. ಮೊನ್ನೆ ಎಂಟರ ತನಕ ಹೋಗಿದ್ರು.”

ಸಿಸ್ಟರ್ ಅವಳ ಭುಜ ಹಿಡಿದು ಹಿಂದಕ್ಕೆಳೆದರು. “ಏನಂದೆ? ನಿನಗೆ ಗೊತ್ತಿತ್ತಾ?”

“ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ ಅಕ್ಕ,” ಎಂದಳು ಬನ್ನಮ್ಮ, ಬಹಳ ಮರ್ಯಾದೆಯಿಂದ. “ಮೂಳೆ ವಾರ್ಡ್ ಅಲ್ವಾ ನಿಮ್ಮದು.”

ಆ ಮಾತು ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕಿತು.

ಕಾಫಿ ಅಂಗಡಿಯಲ್ಲಿ, ತನ್ನದೇ ಬನ್ನನ್ನು ನಾಲ್ಕು ಪಟ್ಟು ಬೆಲೆಗೆ ಕೊಂಡು ತಿನ್ನುತ್ತಾ ಬನ್ನಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಳು. ತಾರಸಿಯಲ್ಲಿ ದಿನಾ ಮಧ್ಯಾಹ್ನ ಧಡ್ ಧಡ್ ಸದ್ದು. ಒಂದು ದಿನ ಇಣುಕಿದರೆ ಈ ಆಟ. ಸೋತವನು ಚಹಾ ಮಾಡಬೇಕು, ಪಣ ಅಷ್ಟೇ.

“ಮತ್ತೆ ನೀನು ಯಾಕೆ ಬಾಯಿ ಬಿಡ್ಲಿಲ್ಲ?”

“ಬಾಯಿ ಬಿಟ್ರೆ ಅವರು ಮತ್ತೆ ಒಲೆ ಹತ್ರ ಬರ್ತಾರೆ. ಅವರ ಕೈಲಿ ಇಪ್ಪತ್ತು ವರ್ಷ ಬ್ರೆಡ್ಡು ಇಟ್ಟಿಗೆ ಥರ ಬರ್ತಿತ್ತು. ಹೇಳಿದ್ರೆ ಕೋಪ. ಅವರ ಬೆನ್ನು ಹಿಡಿದ ಮೇಲೆ ಒಲೆ ನನ್ನ ಕೈಗೆ ಬಂತು, ಬ್ರೆಡ್ಡು ಉಬ್ತಿದೆ. ಈ ಕಟ್ಟಡದವರು ನಮ್ಮ ಬನ್ನು ಕೇಳಿದ್ದೂ ಆಮೇಲೇ. ನಾನು ದಿನಾ ಅವರ ಬೆನ್ನಿಗೆ ಎಣ್ಣೆ ತಿಕ್ಕಿ, ‘ಪಾಪ, ಇನ್ನೂ ವಾಸಿಯಾಗಿಲ್ಲ, ಎದ್ದೀರಾ ಜೋಕೆ’ ಅಂತೀನಿ.” ಬನ್ನಿನ ಚೂರನ್ನು ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟಳು. “ನೀವೂ ಸುಮ್ನಿದ್ದುಬಿಡಿ ಅಕ್ಕ.”

ಸಿಸ್ಟರ್ ಸುಮ್ಮನಿರುವ ಪೈಕಿಯಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಶಿಕ್ಷೆ ಆರಿಸಿದರು. ತೊಡೆಯಿಂದ ಪಾದದ ತನಕ ಪ್ಲಾಸ್ಟರ್ ಹಾಕಿಬಿಡುವುದು. ಆಪರೇಷನ್ ಬರೆದಿದ್ದಾರೆಂದು ಹೇಳಿ ಉಪವಾಸ ಕೆಡವುವುದು. ಪೃಷ್ಠಕ್ಕೆ ದಿನಕ್ಕೆರಡು ಇಂಜೆಕ್ಷನ್, ಬರೀ ನೀರಿನದಾದರೂ ಸರಿ. ಇದಕ್ಕೆಲ್ಲ ನಡುವೆ ಕೈ ಎತ್ತಿಕೊಂಡು ನಿಂತ ಆ ಮನುಷ್ಯ ಅಡ್ಡ ಬರುತ್ತಿದ್ದ. ಛೀ, ಇಳಿಸು ಕೈ ಎಂದುಕೊಂಡರು.

ಮನೆಗೆ ಬಂದಾಗ ಸಂಜೆ. ಮೇಷ್ಟ್ರು ಗದ್ದದವರೆಗೆ ಹೊದ್ದು ಮಲಗಿದ್ದರು. ಎರಡು ಕುರ್ಚಿ ಇಟ್ಟಲ್ಲೇ ಇದ್ದವು, ಫ್ಲಾಸ್ಕಿನ ಹಾಲೂ.

“ಬಂದ್ಯಾ ಸಿಸ್ಟರ್? ದಿನ ಕಳೆಯೋದೇ ಕಷ್ಟ ಆಯ್ತು.”

ಸಿಸ್ಟರ್ ನೀರು ಕಾಯಿಸಿದರು, ಚೀಲ ತುಂಬಿದರು, ಪಕ್ಕದಲ್ಲಿ ಕೂತು ಹೊದಿಕೆ ಸರಿಸಿದರು. ಚೀಲವನ್ನು ಎಡ ಮಂಡಿಯ ಮೇಲಿಟ್ಟು ಒತ್ತಿದರು.

“ಆಆ... ಅಲ್ಲೇ ನೋಡು. ಅಲ್ಲೇ ಪ್ರಾಣ ಇರೋದು,” ಎಂದು ನರಳಿದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

“ಏಳನೇ ಮನೇಲಿ ಗೆರೆ ತುಳಿದ್ರಿ,” ಎಂದರು ಸಿಸ್ಟರ್.

ಮೇಷ್ಟ್ರು ಸ್ಪ್ರಿಂಗಿನ ಹಾಗೆ ಎದ್ದು ಕೂತರು. “ಯಾರು? ನಾನಾ? ತುಳಿದೇ ಇಲ್ಲ! ಹೆಬ್ಬೆರಳಿಗೂ ಗೆರೆಗೂ ಇಷ್ಟು ಜಾಗ ಇತ್ತು! ಆ ಬೇಕರಿಯವನು ಹೇಳಿದ್ನಾ? ಅವನಿಗೆ ಇವತ್ತು ಐದು ದಾಟಕ್ಕಾಗ್ಲಿಲ್ಲ, ಹೊಟ್ಟೆಕಿಚ್ಚು...”

ಅಲ್ಲಿಗೆ ಅವರ ಕಿವಿಗೆ ಅವರದೇ ಮಾತು ಕೇಳಿಸಿತು. ಚೀಲದೊಳಗಿನ ನೀರು ಗುಳುಕ್ ಎಂದಿತು.

“ಎಲ್ಲಿಂದ ನೋಡ್ದೆ?” ಎಂದು ಕೊನೆಗೆ ಕೇಳಿದರು.

“ಮೇಲಿಂದ. ನಾನೊಬ್ಬಳೇ ಅಲ್ಲ, ಎಂಬತ್ತನೇ ಮಹಡಿಗೆ ಮಹಡಿಯೇ ನೋಡಿತು. ನೀವು ಕೈ ಎತ್ತಿದ್ದಕ್ಕೆ ಚಪ್ಪಾಳೆ ಕೂಡ ಬಿತ್ತು.”

ಮೇಷ್ಟ್ರು ಬನಿಯನ್ನನ್ನು ಕೆಳಕ್ಕೆಳೆದುಕೊಂಡರು. ಮಾನ ಮುಚ್ಚಿಕೊಳ್ಳಲು ತಡವಾಗಿತ್ತು. ಸಿಸ್ಟರ್ ಅಷ್ಟು ಹೊತ್ತು ಕಟ್ಟಿಟ್ಟುಕೊಂಡಿದ್ದನ್ನು ಬಿಚ್ಚಿದರು. ವಾರ್ಡಿನಲ್ಲಿ ಮುಖ ಹೇಗೆ ತೋರಿಸಲಿ, ಊರಿನವರ ಸುಳ್ಳು ಹಿಡಿದವಳಿಗೆ ಮಂಚದ ಮೇಲಿನ ಸುಳ್ಳು ಕಾಣಲಿಲ್ಲವೆಂದು ನಗುವುದಿಲ್ಲವೆ, ನಿಮ್ಮ ಮಂಡಿಗೆ ತಿಕ್ಕಿದ ಎಣ್ಣೆಯಲ್ಲಿ ಒಂದು ಊರಿಗೆ ದೀಪ ಹಚ್ಚಬಹುದಿತ್ತು. ಮೇಷ್ಟ್ರು ತಲೆ ತಗ್ಗಿಸಿಕೊಂಡು, ತಡವಾಗಿ ಬಂದ ಹುಡುಗರು ಅವರ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಕೂತು ಕೇಳಿಸಿಕೊಂಡರು.

“ಮೊದಲನೇ ವಾರ ನಿಜವಾಗ್ಲೂ ನೋಯ್ತಿತ್ತು,” ಎಂದರು, ಸಿಸ್ಟರ್ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ. “ನರಾನೇ. ನೀನು ಹೇಳಿದ್ದು ಸರಿ ಇತ್ತು.”

ಸಿಸ್ಟರ ವೃತ್ತಿಗೆ ಅದರಿಂದ ಸ್ವಲ್ಪ ಸಮಾಧಾನವಾಯಿತು. ಮುಖದಲ್ಲಿ ತೋರಿಸಲಿಲ್ಲ. “ಆಮೇಲೆ?”

“ಆಮೇಲೆ ವಾಸಿಯಾಯ್ತು. ಹೇಳಣ ಅಂತ ಬಾಯಿ ತೆಗೆದೆ. ನೀನು ಚೀಲ ಹಿಡ್ಕೊಂಡು ಬಂದು ಕೂತೆ. ಆವತ್ತು ಆ ಕಳ್ಳನ ಕತೆ ಹೇಳ್ದೆಯಲ್ಲ. ಎರಡೂ ಕಾಲಿಗೆ ಪ್ಲಾಸ್ಟರ್ ಇದ್ದೋನು ವಾರ್ಡಿಂದ ಪರಾರಿಯಾದ ಕತೆ.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಇಷ್ಟು ವರ್ಷದಲ್ಲಿ ನೀನು ವಾರ್ಡಿನ ಒಂದು ಮಾತು ಮನೇಲಿ ಆಡಿದ್ದಿಲ್ಲ ಸಿಸ್ಟರ್. ಬರ್ತಿದ್ದೆ, ಉಣ್ತಿದ್ದೆ, ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಚೀಲ ಹಿಡ್ಕೊಂಡು ಕೂತ ಮೇಲೇ ನೀನು ಮಾತಾಡಿದ್ದು. ಆವತ್ತು ಅರ್ಧ ಕತೆಗೆ ನೀರು ತಣ್ಣಗಾಯ್ತು, ‘ಮಿಕ್ಕಿದ್ದು ನಾಳೆ’ ಅಂತ ಎದ್ದೆ. ನಾನು ವಾಸಿಯಾಗಿದೀನಿ ಅಂದ್ಬಿಟ್ರೆ ಕಳ್ಳ ಸಿಕ್ಕಿದ್ನೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು?”

ಸಿಸ್ಟರ್ ಚೀಲದ ಮುಚ್ಚಳವನ್ನು ಬಿಗಿಮಾಡಿದರು. ಅದು ಮೊದಲೇ ಬಿಗಿಯಾಗಿತ್ತು. ಲಿಫ್ಟಿನಲ್ಲಿ ಎಲ್ಲರಿಗೂ ಅಪ್ಪಣೆ ಮಾಡಿದ ಹಾಗೆ ತಾವೇ ಉಗುಳು ನುಂಗಿದರು. ಇನ್ನೇನು ಅವರ ಕೈ ಗಂಡನ ತಲೆಯ ಕಡೆ ಹೋಗುವುದರಲ್ಲಿತ್ತು, ಅಷ್ಟರಲ್ಲಿ ಮೇಷ್ಟ್ರು ಪ್ರಾಮಾಣಿಕತೆಯ ಹುಮ್ಮಸ್ಸಿನಲ್ಲಿ ಇನ್ನೊಂದು ಮಾತು ಸೇರಿಸಿದರು.

“ಅಲ್ದೆ, ನಿಮ್ಮಕ್ಕನ ಮನೆಗೆ ಹೋಗೋದೂ ತಪ್ತಿತ್ತು.”

ಕೈ ಹಿಂದಕ್ಕೆ ಬಂತು. ಸಿಸ್ಟರ್ ಎದ್ದು, ಮಂಚದ ಇನ್ನೊಂದು ತುದಿಗೆ ಹೋಗಿ ದಿಂಬಿಗೊರಗಿ, ತಮ್ಮ ಎರಡೂ ಕಾಲುಗಳನ್ನು ಎತ್ತಿ ಧೊಪ್ಪೆಂದು ಮೇಷ್ಟ್ರ ತೊಡೆಯ ಮೇಲಿಟ್ಟರು. ಹಿಮ್ಮಡಿ ಒಡೆದು, ಬೆರಳ ಸಂದು ಗಟ್ಟಿಯಾಗಿ, ಸಂಜೆಯಾದರೆ ಊದಿಕೊಳ್ಳುವ ಕಾಲುಗಳು. ಮೇಷ್ಟ್ರು ಅವನ್ನು ಅಷ್ಟು ಹತ್ತಿರದಿಂದ ನೋಡಿ ಯಾವ ಕಾಲವಾಗಿತ್ತೋ.

“ಇದು ಯಾವಾಗಿಂದ ಹೀಗಿದೆ?”

“ವಾರ್ಡಿಗೆ ಸೇರಿದಾಗಿಂದ. ಒತ್ತಿ.”

ಮೇಷ್ಟ್ರು ಒತ್ತಿದರು. ಫುಟ್‌ಬಾಲಿಗೆ ಗಾಳಿ ಹೊಡೆದು ರೂಢಿಯಿದ್ದ ಕೈ.

“ಅಯ್ಯಪ್ಪಾ! ಕಾಲು ರೀ ಅದು, ಪಂಪಲ್ಲ. ಮೆಲ್ಲಗೆ.”

“ಮೆಲ್ಲಗೆ ಅಂದ್ರೆ ಇಷ್ಟಾ?”

“ಹೂಂ. ಹಾಗೆ. ಬಿಸಿ ಚೀಲಾನೂ ಇಡಿ. ನಾಳೆಯಿಂದ ನೀರು ಕಾಯಿಸೋ ಡ್ಯೂಟಿ ನಿಮ್ದು. ಮುಂದಿನ ಭಾನುವಾರ ಅಕ್ಕನ ಮನೆಗೂ ಬರ್ತೀರಿ. ಭಾವನವರ ಕತೆ ಕೊನೇ ತನಕ ಕೇಳ್ತೀರಿ.”

“ಅದೊಂದು ಬಿಟ್ಟು ಬೇರೆ ಯಾವ ಶಿಕ್ಷೆ ಬೇಕಾದ್ರೂ...”

“ಬರ್ತೀರಿ.”

“ಬರ್ತೀನಿ.”

ಕೆಳಗೆ ಬೇಕರಿಯಲ್ಲಿ ತಟ್ಟೆಗಳ ಸದ್ದು, ಅದರ ಮೇಲಿನ ಮನೆಯಿಂದ ಬನ್ನಮ್ಮನ ದನಿ: “ಪಾಪ, ಏಳಬೇಡಿ, ಏಳಬೇಡಿ, ಬೆನ್ನು ಜೋಕೆ.” ಮೇಷ್ಟ್ರು ಏನೋ ಕೇಳಲು ಬಾಯಿ ತೆರೆದವರು ಸಿಸ್ಟರ ಮುಖ ನೋಡಿ ಮುಚ್ಚಿಕೊಂಡರು. ಒಂದು ಕಾಲು ಮುಗಿಸಿ ಇನ್ನೊಂದನ್ನು ಎತ್ತಿಕೊಂಡು ವಿಷಯ ಬದಲಿಸಿದರು.

“ಅದಿರ್ಲಿ ಸಿಸ್ಟರ್, ಅಷ್ಟು ಮೇಲಿಂದ ಮತ್ತೇನೇನು ಕಾಣ್ತು? ಸಮುದ್ರ ಕಾಣುತ್ತೆ ಅಂತಾರಲ್ಲ, ಕಂಡಿತಾ?”

ಸಿಸ್ಟರ್ ನೆನಪು ಮಾಡಿಕೊಂಡರು. ಸಮುದ್ರ ಯಾವ ಕಡೆಗಿತ್ತೆಂಬುದೂ ತಿಳಿಯಲಿಲ್ಲ. ಊರಿನ ಅತಿ ಎತ್ತರದ ಕಟ್ಟಡ ಹತ್ತಿ, ಮೂರು ತಾಸು ಮೇಲಿದ್ದು, ಒಂದು ತಾರಸಿ, ಎರಡು ಬೆಡ್‌ಶೀಟು, ಒಂದು ಬನಿಯನ್ನು ನೋಡಿ ಇಳಿದುಬಂದಿದ್ದರು. ಅದನ್ನು ಈ ಮನುಷ್ಯನಿಗೆ ಹೇಳಿದರೆ ಉಬ್ಬಿ ಹೋಗುತ್ತಾನೆ.

“ಕಾಣದೆ ಏನು,” ಎಂದರು, ದಿಂಬನ್ನು ಸರಿಯಾಗಿ ಬೆನ್ನಿಗೆ ಕೊಟ್ಟುಕೊಂಡು. “ಸಮುದ್ರ ನೀಲಿ ಸೀರೆ ಒಣಹಾಕಿದ ಹಾಗೆ. ಹಡಗು ಎಲ್ಲ ಇಷ್ಟಿಷ್ಟು, ನಿಮ್ಮ ಹೆಬ್ಬೆರಳಿನ ಉಗುರಿನಷ್ಟು.”

“ಎಷ್ಟು ಹಡಗು?”

“ತುಂಬ. ಒಂದರಲ್ಲಿ ಬ್ಯಾಂಡ್ ಬಾರಿಸ್ತಿದ್ರು.”

“ಅಷ್ಟು ದೂರಕ್ಕೆ ಕೇಳಿಸ್ತಾ?” ಎಂದರು ಮೇಷ್ಟ್ರು, ಕೈ ನಿಲ್ಲಿಸಿ.

“ಗಾಳಿ ನಮ್ಮ ಕಡೆ ಇತ್ತು. ನೀವು ಒತ್ತೋದು ನಿಲ್ಲಿಸ್ಬೇಡಿ, ಹೇಳ್ತೀನಿ.”